ಮುಖ ಬೇಡ, ಕುತ್ತಿಗೆ ತೋರಿಸಿ

ಕೇಳುಗರಿಗೆ ನಮಸ್ಕಾರ.

ಮೊದಲು ಒಂದು ಕೆಲಸ ಮಾಡಿ. ಎರಡು ಬೆರಳನ್ನು ಗಂಟಲ ಮುಂದಿನ ಗಂಟಿನ ಮೇಲೆ ಮೆಲ್ಲಗೆ ಇಡಿ. ಈಗ ಉಗುಳು ನುಂಗಿ. ಗಂಟು ಮೇಲೆ ಹೋಗಿ ಕೆಳಗೆ ಬಂತು, ಅಲ್ವಾ? ಒಂದು ಸೆಕೆಂಡಿನ ಕೆಲಸ. ಅಷ್ಟರಲ್ಲಿ ನಾಲಿಗೆ ಹಿಂದಕ್ಕೆ ತಳ್ಳಿತು, ಮೂಗಿನ ದಾರಿ ಮುಚ್ಚಿತು, ಉಸಿರಿನ ಕೊಳವೆಗೆ ಬಾಗಿಲು ಬಿತ್ತು, ಅನ್ನನಾಳದ ಬಾಯಿ ತೆರೆಯಿತು. ಇದಕ್ಕೆ 25ಕ್ಕೂ ಹೆಚ್ಚು ಜೋಡಿ ಸ್ನಾಯು ಸೇರಿ ದುಡಿಯುತ್ತವೆ. ದಿನಕ್ಕೆ 500ಕ್ಕೂ ಜಾಸ್ತಿ ಸಲ ನುಂಗುತ್ತೇವೆ. ನಿದ್ದೆಯಲ್ಲೂ ನುಂಗುತ್ತೇವೆ. ಗೊತ್ತೇ ಆಗುವುದಿಲ್ಲ.

ನಾನು ನುಂಗುವುದನ್ನು ಕಲಿಸುವವಳು. ಹೀಗೆಂದರೆ ಜನ ನಗುತ್ತಾರೆ. "ಅದನ್ನೂ ಕಲಿಸಬೇಕಾ ಮೇಡಂ?" ಅನ್ನುತ್ತಾರೆ. ಬಾಯಿ, ನಾಲಿಗೆ, ಗಂಟಲ ಕ್ಯಾನ್ಸರಿಗೆ ರೇಡಿಯೇಷನ್ ಆದವರ ಮನೆಯಲ್ಲಿ ಮಾತ್ರ ಯಾರೂ ನಗುವುದಿಲ್ಲ. ಇವತ್ತು ನಾನು ಮಾತಾಡುತ್ತಿರುವುದು ಅವರ ಜೊತೆಗೆ.

ರೇಡಿಯೇಷನ್ ಅಂದರೆ ನಿಮ್ಮಲ್ಲಿ ಹಲವರು ಕರೆಂಟ್ ಕೊಡುವುದು ಅನ್ನುತ್ತೀರಿ. ವಾರಕ್ಕೆ 5 ದಿನ, 6-7 ವಾರ, ಒಟ್ಟು 30ರಿಂದ 35 ಸಲ. ಅದು ಗಡ್ಡೆಯನ್ನು ಸುಡುತ್ತದೆ. ಜೊತೆಗೆ ಪಕ್ಕದ ಸ್ನಾಯುಗಳಿಗೂ ಉಗುಳು ಮಾಡುವ ಗ್ರಂಥಿಗಳಿಗೂ ಏಟು ಬೀಳುತ್ತದೆ. ಬಾಯೆಲ್ಲ ಹುಣ್ಣು, ಉಗುಳು ಅಂಟಂಟು. ಕೊನೆಯ ಸಿಟ್ಟಿಂಗ್ ಮುಗಿದ ಮೇಲೂ ಒಂದೆರಡು ವಾರ ನೋವು ಏರುತ್ತಲೇ ಇರುತ್ತದೆ. ಆಗ ಜನ ಏನು ಮಾಡುತ್ತಾರೆ? ನುಂಗುವುದನ್ನೇ ಬಿಟ್ಟುಬಿಡುತ್ತಾರೆ. ಮೂಗಿಗೋ ಹೊಟ್ಟೆಗೋ ಪೈಪ್ ಇದೆ, ಊಟ ಅದರಲ್ಲಿ ಹೋಗುತ್ತದೆ, ಗಂಟಲು ಸ್ವಲ್ಪ ಸುಧಾರಿಸಿಕೊಳ್ಳಲಿ ಅಂತ.

ಅಲ್ಲೇ ತಪ್ಪುವುದು. ಕೈ ಮುರಿದು ಆರು ವಾರ ಪ್ಲಾಸ್ಟರ್ ಹಾಕಿಸಿಕೊಂಡವರನ್ನು ಕೇಳಿ. ಬಿಚ್ಚಿದ ದಿನ ಮೊಣಕೈ ಮಡಚಲು ಬರುವುದಿಲ್ಲ. ಗಂಟಲೂ ಹಾಗೆಯೇ. ಹುಣ್ಣು ಮಾಯುತ್ತದೆ, ಆದರೆ ಅಷ್ಟು ಹೊತ್ತಿಗೆ ಸ್ನಾಯು ಸೊರಗಿ ಬಿಗಿಯಾಗಿರುತ್ತದೆ. ರೇಡಿಯೇಷನ್ನಿನ ಬಿಗಿತ ತಿಂಗಳುಗಟ್ಟಲೆ, ವರ್ಷಗಟ್ಟಲೆ ಬೆಳೆಯುತ್ತಲೇ ಹೋಗುತ್ತದೆ. ಅದಕ್ಕೇ ನಾನು ಹೇಳುವುದು ಒಂದೇ ಮಾತು: ನುಂಗುವುದನ್ನು ಒಂದು ದಿನವೂ ಬಿಡಬೇಡಿ. ಪೈಪ್ ಇದ್ದರೂ ಬಿಡಬೇಡಿ. ಬಾಯಿಂದ ಏನೂ ಕೊಡಬೇಡಿ ಅಂತ ಡಾಕ್ಟರು ಹೇಳಿದ್ದಾರಾ? ಆಗ ಬರೀ ಉಗುಳನ್ನು ನುಂಗಿ.

"ಆಸ್ಪತ್ರೆ ದೂರ, ವಾರ ವಾರ ಬರಲು ಆಗುವುದಿಲ್ಲ" ಅನ್ನುತ್ತೀರಿ. ಸರಿ. ಮೊದಲ ಪರೀಕ್ಷೆಗೆ ಬರಲೇಬೇಕು. ಬಿಳಿ ದ್ರವ ಕುಡಿಸಿ ಎಕ್ಸ್‌ರೇಯಲ್ಲಿ ಸಿನಿಮಾದ ಹಾಗೆ ನೋಡುತ್ತೇವೆ, ಇಲ್ಲವೇ ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡುತ್ತೇವೆ. ಯಾಕೆಂದರೆ ನಿಮಗೂ ನನಗೂ ನೀರು ತಪ್ಪು ದಾರಿ ಹಿಡಿದರೆ ನೆತ್ತಿಗೇರುತ್ತದೆ, ಕೆಮ್ಮುತ್ತೇವೆ, ಯಾರೋ ನೆನೆಸಿಕೊಂಡರು ಅಂದು ಸುಮ್ಮನಾಗುತ್ತೇವೆ. ರೇಡಿಯೇಷನ್ ಆದ ಕೆಲವರಿಗೆ ಆ ಕೆಮ್ಮೇ ಬರುವುದಿಲ್ಲ. ನೀರು ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಫೋನಿನ ಕ್ಯಾಮೆರಾಗೆ ಅದು ಕಾಣುವುದಿಲ್ಲ. ಆದರೆ ಒಮ್ಮೆ ಪರೀಕ್ಷೆ ಆಗಿ, ಏನನ್ನು ಹೇಗೆ ನುಂಗಬೇಕು ಅಂತ ಗೊತ್ತಾದ ಮೇಲೆ ಉಳಿದ ಕಲಿಕೆಯೆಲ್ಲ ವಿಡಿಯೋ ಕಾಲ್‌ನಲ್ಲಿ ಚೆನ್ನಾಗಿಯೇ ನಡೆಯುತ್ತದೆ.

ನಾನೂ ಮೊದಲು ನಂಬಿರಲಿಲ್ಲ. ನಂಬಿಸಿದವರು ಒಬ್ಬ ಗಣಿತದ ಮೇಷ್ಟ್ರು.

ನಿವೃತ್ತರು. ನಾಲಿಗೆಯ ಬುಡದಲ್ಲಿ ಕ್ಯಾನ್ಸರ್ ಆಗಿತ್ತು. 35 ಸಿಟ್ಟಿಂಗ್ ಮುಗಿಸಿ, ಹೊಟ್ಟೆಗೆ ಪೈಪ್ ಹಾಕಿಸಿಕೊಂಡು ಊರಿಗೆ ಹೋಗಿದ್ದರು. ಎಕ್ಸ್‌ರೇಯಲ್ಲಿ ನೋಡಿದ್ದೆ. ಗಲ್ಲವನ್ನು ಎದೆಯ ಕಡೆಗೆ ಬಾಗಿಸಿ, ಒಂದೊಂದೇ ಟೀ ಚಮಚ ನೀರು ನುಂಗಿದರೆ ತೊಂದರೆ ಇರಲಿಲ್ಲ. ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಹತ್ತು ಸಲ, ದೊಡ್ಡ ಗುಳಿಗೆ ನುಂಗುವವರ ಹಾಗೆ ಬಲ ಹಾಕಿ ನುಂಗಿ ಅಂತ ಹೇಳಿ ಕಳಿಸಿದ್ದೆ. ವಾರಕ್ಕೊಮ್ಮೆ ವಿಡಿಯೋ ಕಾಲ್.

ಪ್ರತಿ ವಾರ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿ ಕೂರುತ್ತಿದ್ದರು. ಮುಖ ಮಾತ್ರ ಕಾಣುತ್ತಿತ್ತು. ನಾನು "ನುಂಗಿ" ಅಂದರೆ ತುಟಿ ಬಿಗಿ ಮಾಡಿ, ಕಣ್ಣು ಮುಚ್ಚಿ, ತಲೆ ಆಡಿಸುತ್ತಿದ್ದರು. ಭಲೇ ಅನ್ನುತ್ತಿದ್ದೆ. ಒಂದು ನೋಟ್‌ಬುಕ್ಕನ್ನೂ ತೋರಿಸುತ್ತಿದ್ದರು. ಸ್ಕೇಲ್ ಹಿಡಿದು ಗೆರೆ ಎಳೆದಿದ್ದರು, ತಾರೀಖು ಹಾಕಿದ್ದರು, ಹೊತ್ತಿಗೊಂದು ಟಿಕ್. ಒಂದೂ ತಪ್ಪಿರಲಿಲ್ಲ. ಆದರೆ ತೂಕ ಏರಲಿಲ್ಲ, ನೀರು ಒಂದು ಚಮಚದಿಂದ ಎರಡಕ್ಕೆ ಹೋಗಲಿಲ್ಲ. ಮೂರು ವಾರ ಹೀಗೇ ಕಳೆಯಿತು.

ನಾಲ್ಕನೇ ವಾರ ನೋಟ್‌ಬುಕ್ ಕ್ಯಾಮೆರಾಗೆ ತುಂಬ ಹತ್ತಿರ ಬಂತು. ಅಷ್ಟೂ ಟಿಕ್‌ಗಳು ಒಂದೇ ಪೆನ್ನಿನವು. ಒಂದೇ ಓರೆ, ಒಂದೇ ಶಾಯಿ. ಏಳು ದಿನದ ಟಿಕ್ ಒಂದೇ ಸಲಕ್ಕೆ ಬಿದ್ದಿತ್ತು! ಮಕ್ಕಳ ಹೋಮ್‌ವರ್ಕ್ ಮೇಲೆ ಮೂವತ್ತು ವರ್ಷ ಕೆಂಪು ಗೀಟು ಹಾಕಿದ ಮೇಷ್ಟ್ರು. ನನಗೆ ನಗು ಬಂತು, ಸಿಟ್ಟೂ ಬಂತು. "ಅಮ್ಮಾ, ಫೋನ್ ಸ್ವಲ್ಪ ಕೆಳಗೆ ಹಿಡೀರಿ, ನನಗೆ ಇವರ ಮುಖ ಬೇಡ, ಕುತ್ತಿಗೆ ತೋರಿಸಿ" ಅಂದೆ. ಹೆಂಡತಿ ಹಿಡಿದರು. ಗಲ್ಲದ ಕೆಳಗೆ ಸ್ವಲ್ಪ ಊತ, ಕಪ್ಪಾದ ಚರ್ಮ. "ಈಗ ನುಂಗಿ ಮೇಷ್ಟ್ರೇ." ತುಟಿ ಬಿಗಿಯಾಯಿತೋ ಏನೋ, ಗಂಟು ಮಾತ್ರ ಇದ್ದಲ್ಲೇ ಇತ್ತು. ಅವರು ನುಂಗುತ್ತಲೇ ಇರಲಿಲ್ಲ. ಚಮಚದ ನೀರು ಬಾಯಲ್ಲಿ ಇಟ್ಟುಕೊಂಡು ಆಮೇಲೆ ಬೇಸಿನ್ನಿಗೆ ಉಗಿಯುತ್ತಿದ್ದರು.

ತುಂಬ ಹೊತ್ತು ಸುಮ್ಮನಿದ್ದು ಹೇಳಿದರು, "ಹೆದರಿಕೆ ಆಗುತ್ತೆ ಕಣಮ್ಮಾ. ಒಂದು ಸಲ ಉಸಿರು ಕಟ್ಟಿತ್ತು."

ನೋಡಿ, ಈ ಮಾತು ಆಸ್ಪತ್ರೆಯಲ್ಲಿ ಹೊರಬರುತ್ತಿರಲಿಲ್ಲ. ಅಲ್ಲಿ ಹೊರಗೆ ಸಾಲು, ಒಳಗೆ ಗಡಿಬಿಡಿ. ಮನೆಯಲ್ಲಿ, ತಮ್ಮ ಕುರ್ಚಿಯಲ್ಲಿ ಕೂತಿದ್ದರಿಂದ ಬಂತು. ಅವತ್ತು ಒಂದೇ ಚಮಚ ನುಂಗಿಸಿದೆ. "ಗಲ್ಲ ಬಾಗಿಸಿ. ಉಸಿರು ಹಿಡಿಯಿರಿ. ಬಲವಾಗಿ ನುಂಗಿ. ಕೆಮ್ಮಿ. ಮತ್ತೆ ನುಂಗಿ. ಈಗ 'ಆ' ಅನ್ನಿ." ದನಿ ಗೊರಗೊರ ಅನ್ನಲಿಲ್ಲ, ಸ್ವಚ್ಛವಾಗಿ ಬಂತು. ಗೊರಗೊರ ಅಂದಿದ್ದರೆ ನೀರು ದನಿಪೆಟ್ಟಿಗೆಯ ಮೇಲೇ ಕೂತಿದೆ ಅಂತ. ಮರುದಿನ ಎರಡು ಚಮಚ. ಆಮೇಲೆ ನೋಟ್‌ಬುಕ್ಕಿಗೆ ಮೇಷ್ಟ್ರನ್ನು ಬಿಟ್ಟು ಹೆಂಡತಿಯೇ ಟಿಕ್ ಹಾಕಿದರು, ಗಂಟು ಎದ್ದರೆ ಮಾತ್ರ! ನಾಲ್ಕು ತಿಂಗಳ ಮೇಲೆ ಮತ್ತೆ ಎಕ್ಸ್‌ರೇ ನೋಡಿ ಪೈಪ್ ತೆಗೆಸಿದೆವು. ಇವತ್ತಿಗೂ ಒಣ ತಿಂಡಿ ಅವರಿಗೆ ಇಳಿಯುವುದಿಲ್ಲ. ತುತ್ತಿಗೊಂದು ಗುಟುಕು ನೀರು ಬೇಕು, ಊಟಕ್ಕೆ ಮುಕ್ಕಾಲು ಗಂಟೆ ಬೇಕು. ಆದರೆ ಮನೆಯವರ ಜೊತೆ ಕೂತು ಉಣ್ಣುತ್ತಾರೆ.

ಅಯ್ಯೋ, ಸ್ಟುಡಿಯೋ ಗಾಜಿನ ಆಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ. ಎರಡೇ ನಿಮಿಷ ಉಳಿದಿದೆಯಂತೆ. ಮೇಷ್ಟ್ರ ಕತೆಯೇ ಎಲ್ಲ ತಿಂದಿತು. ಬೇಗ ಹೇಳುತ್ತೇನೆ.

ಬಾಯಿ ತೆರೆಯುವುದು. ಮೂರು ಬೆರಳು ಒಂದರ ಮೇಲೊಂದು ಹಲ್ಲಿನ ನಡುವೆ ಹೋಗಬೇಕು. ಎರಡೇ ಹೋದರೆ ದವಡೆ ಬಿಗಿಯುತ್ತಿದೆ ಅಂತ, ತಕ್ಷಣ ಹೇಳಿ. ಹಲ್ಲು ಕೀಳಿಸುವ ಮೊದಲು ಹಲ್ಲಿನ ಡಾಕ್ಟರಿಗೆ ರೇಡಿಯೇಷನ್ ಆಗಿದೆ ಅಂತ ತಪ್ಪದೆ ತಿಳಿಸಿ. ದವಡೆಯ ಮೂಳೆ ಮಾಯದೆ ಉಳಿಯಬಹುದು. ಥೈರಾಯ್ಡ್ ರಕ್ತಪರೀಕ್ಷೆ 6ರಿಂದ 12 ತಿಂಗಳಿಗೊಮ್ಮೆ.

ತೆಳು ನೀರು ತಪ್ಪು ದಾರಿ ಹಿಡಿಯುವ ಕೆಲವರಿಗೆ ನೀರನ್ನು ಮಂದ ಮಾಡಿ ಕೊಡುತ್ತೇವೆ. ಎಷ್ಟು ಮಂದ ಇರಬೇಕು ಅನ್ನುವುದಕ್ಕೆ ಲೋಕಕ್ಕೆಲ್ಲ ಒಂದೇ ಅಳತೆ ಇದೆ, ಕುಡಿಯುವುದಕ್ಕೆ 0ಯಿಂದ 4ರವರೆಗೆ. 10 ಎಂಎಲ್ ಸಿರಿಂಜಿಗೆ ತುಂಬಿ, 10 ಸೆಕೆಂಡು ಸುರಿಯಲು ಬಿಟ್ಟು, ಎಷ್ಟು ಉಳಿಯಿತು ನೋಡುವುದು. ಯಾವ ಸಿರಿಂಜ್ ಅಂತ ನಿಮ್ಮ ಥೆರಪಿಸ್ಟ್ ಹೇಳುತ್ತಾರೆ, ವಿಡಿಯೋದಲ್ಲೇ ಮಾಡಿಸುತ್ತಾರೆ. ರೋಗಿಗಳೆಲ್ಲ ಸೇರುವ ಆನ್‌ಲೈನ್ ಗುಂಪಿಗೆ ಖಂಡಿತ ಸೇರಿ, ಧೈರ್ಯ ಸಿಗುತ್ತದೆ. ಆದರೆ ಇನ್ನೊಬ್ಬರು ಕುಡಿಯುವಷ್ಟು ತೆಳು ನೀರನ್ನು ನೀವು ಕುಡಿಯಬೇಡಿ. ಅವರ ಗಂಟಲು ಬೇರೆ, ನಿಮ್ಮದು ಬೇರೆ. ಮತ್ತೆ, ವ್ಯಾಯಾಮದ ವಿಡಿಯೋ ನೂರು ಸಲ ನೋಡಿದ್ದೇನೆ ಅನ್ನುವವರಿಗೆ ಒಂದು ಮಾತು, ಸ್ವಲ್ಪ ಒರಟಾಗಿಯೇ: ನೋಡಿದರೆ ಸ್ನಾಯು ಬಲಿಯುವುದಿಲ್ಲ. ನುಂಗಿ. ದಿನಾ ನುಂಗಿ.

ಜ್ವರ ಬಂದರೆ, ಕಫ ಜಾಸ್ತಿಯಾದರೆ, ಉಂಡ ಮೇಲೆ ದನಿ ಗೊರಗೊರ ಅಂದರೆ, ತೂಕ ಇಳಿಯುತ್ತಿದ್ದರೆ ವಿಡಿಯೋ ಕಾಲಿಗೆ ಕಾಯಬೇಡಿ. ಆಸ್ಪತ್ರೆಗೆ ಹೋಗಿ.

ನಾಳೆ ಯಾರಿಗಾದರೂ ಕಾಲ್ ಇದ್ದರೆ, ಬೆನ್ನಿಗೆ ಆಸರೆ ಇರುವ ಕುರ್ಚಿ, ಟೀ ಚಮಚ, ಲೋಟದಲ್ಲಿ ನೀರು, ಪಕ್ಕದಲ್ಲಿ ಮನೆಯವರೊಬ್ಬರು. ಬೆಳಕು ಎದುರಿನಿಂದ ಬೀಳಲಿ, ಕಿಟಕಿ ಬೆನ್ನ ಹಿಂದೆ ಬೇಡ. ಅಂಗಿಯ ಮೇಲಿನ ಗುಂಡಿ ಬಿಚ್ಚಿ. ಫೋನನ್ನು ಸ್ವಲ್ಪ ಪಕ್ಕಕ್ಕೆ, ಸ್ವಲ್ಪ ಕೆಳಗೆ ಇಡಿ. ತಲೆ ಬಾಚದಿದ್ದರೂ ನಡೆಯುತ್ತದೆ. ನಮಸ್ಕಾರ.