ರೀಬಾಂಡಿಂಗ್ ಆದ ಮೇಲೆ ಗುಂಗುರು ಕೂದಲಿಗೆ ಮರಳುವುದು

ವೇದಿಕೆಯ ಮೇಲಿರುವ ಪ್ರಾಂಶುಪಾಲರಿಗೆ, ಗೃಹವಿಜ್ಞಾನ ವಿಭಾಗದ ಅಧ್ಯಾಪಕಿಯರಿಗೆ ಮತ್ತು ವಿದ್ಯಾರ್ಥಿನಿಯರಿಗೆಲ್ಲ ನಮಸ್ಕಾರ.

ನೀವು ಮುಂಚಿತವಾಗಿ ಬರೆದುಕೊಟ್ಟ ಪ್ರಶ್ನೆಗಳ ಚೀಟಿಗಳನ್ನು ಓದಿಕೊಂಡೇ ಬಂದಿದ್ದೇನೆ. ಅವುಗಳಲ್ಲಿ ಹೆಚ್ಚಿನವು ಕೇಳುವುದು ಇಷ್ಟನ್ನೇ: ಪಾರ್ಲರಿನಲ್ಲಿ ನೇರ ಮಾಡಿಸಿದ ಕೂದಲು ಮತ್ತೆ ಮೊದಲಿನಂತೆ ಗುಂಗುರಾಗಲು ಯಾವ ಎಣ್ಣೆ ಹಚ್ಚಬೇಕು, ಯಾವ ಶಾಂಪೂ ಹಾಕಬೇಕು? ರಸಾಯನಶಾಸ್ತ್ರ ಕಲಿಸುವವಳಾಗಿ ನನ್ನ ಉತ್ತರ ಚಿಕ್ಕದು. ಅಂಥ ಎಣ್ಣೆಯೂ ಇಲ್ಲ, ಶಾಂಪೂವೂ ಇಲ್ಲ. ರೀಬಾಂಡಿಂಗ್ ಆದ ಎಳೆ ಕತ್ತರಿಸಿ ಹೋಗುವವರೆಗೂ ಹಾಗೆಯೇ ಇರುತ್ತದೆ. ಗುಂಗುರು ಬರುವುದು ನೆತ್ತಿಯ ಚರ್ಮದೊಳಗಿಂದ ಹೊಸದಾಗಿ ಹುಟ್ಟುವ ಕೂದಲಿನಲ್ಲಿ ಮಾತ್ರ. ಆದ್ದರಿಂದ ಇವತ್ತು ನಾನು ಮಾತನಾಡಬೇಕಾದದ್ದು ಹೊಸ ಕೂದಲು ಬರುವವರೆಗೆ ಕಾಯುವ ಕಾಲದ ಬಗ್ಗೆ, ಆ ಕಾಲದಲ್ಲಿ ಯಾವುದಕ್ಕೆ ದುಡ್ಡು ಹಾಕಬಾರದು ಎಂಬುದರ ಬಗ್ಗೆ.

ಕೂದಲಿನ ಎಳೆಯಲ್ಲಿ ಮುಖ್ಯವಾಗಿ ಇರುವುದು ಕೆರಾಟಿನ್ ಎಂಬ ಪ್ರೋಟೀನು. ಅದರ ಸರಪಳಿಗಳನ್ನು ಒಂದಕ್ಕೊಂದು ಹಿಡಿದಿಡುವ ಬಂಧಗಳಲ್ಲಿ ಎರಡನ್ನು ನೀವು ತಿಳಿದಿರಬೇಕು. ಹೈಡ್ರೋಜನ್ ಬಂಧ ದುರ್ಬಲವಾದದ್ದು; ನೀರು ತಾಗಿದರೆ ಬಿಡುತ್ತದೆ, ಒಣಗಿದಾಗ ಮತ್ತೆ ಕೂಡುತ್ತದೆ. ಮನೆಯಲ್ಲಿ ಬಿಸಿ ಸ್ಟ್ರೈಟ್ನರ್ ಎಳೆದ ಕೂದಲು ಮುಂದಿನ ಸ್ನಾನಕ್ಕೆ ಮತ್ತೆ ಸುರುಳಿ ಸುತ್ತಿಕೊಳ್ಳುವುದು ಇದೇ ಕಾರಣಕ್ಕೆ. ಗಂಧಕದ ಪರಮಾಣುಗಳ ನಡುವಿನ ಡೈಸಲ್ಫೈಡ್ ಬಂಧ ಹಾಗಲ್ಲ, ಅದು ಗಟ್ಟಿ. ರೀಬಾಂಡಿಂಗ್ ಮಾಡುವವರು ಅಮೋನಿಯಂ ಥಯೋಗ್ಲೈಕೋಲೇಟ್ ಎಂಬ ರಾಸಾಯನಿಕವನ್ನು ಹಚ್ಚಿ ಈ ಗಟ್ಟಿ ಬಂಧಗಳನ್ನೇ ಬಿಡಿಸುತ್ತಾರೆ, ಕಾದ ಪಟ್ಟಿಗಳ ನಡುವೆ ಎಳೆಯನ್ನು ನೇರಕ್ಕೆ ತರುತ್ತಾರೆ, ಆಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಂಧಗಳನ್ನು ಹೊಸ ಜಾಗದಲ್ಲಿ ಕೂಡಿಸುತ್ತಾರೆ. ಚರ್ಮದಿಂದ ಹೊರಗಿರುವ ಕೂದಲಿನಲ್ಲಿ ಜೀವಕೋಶಗಳು ಸತ್ತಿರುತ್ತವೆ. ಹೀಗೆ ಮಾರ್ಪಟ್ಟ ಎಳೆಯನ್ನು ಒಳಗಿನಿಂದ ಸರಿಪಡಿಸುವ ಕೆಲಸ ಯಾರಿಂದಲೂ ಆಗದು. ಚರ್ಮದ ಒಳಗಿನ ರೋಮಕೂಪ ಮಾತ್ರ ಈ ಗಲಾಟೆಗೆ ಸಿಕ್ಕದೆ ತನ್ನ ಬಾಗಿದ ಆಕಾರವನ್ನು ಉಳಿಸಿಕೊಂಡಿರುತ್ತದೆ. ಬಾಗಿದ ರೋಮಕೂಪದಿಂದ ಬರುವ ಎಳೆ ಅಡ್ಡಕೊಯ್ತದಲ್ಲಿ ದುಂಡಗಿರದೆ ಚಪ್ಪಟೆಯಾಗಿರುತ್ತದೆ, ಸುತ್ತಿಕೊಳ್ಳುತ್ತದೆ.

ಇಲ್ಲಿ ಒಂದು ಸ್ವಾರಸ್ಯವಿದೆ. 1906ರಲ್ಲಿ ಲಂಡನ್ನಿನಲ್ಲಿ ಕಾರ್ಲ್ ನೆಸ್ಲರ್ ಎಂಬ ಜರ್ಮನ್ ಕ್ಷೌರಿಕ ಶಾಶ್ವತ ಅಲೆಗೂದಲಿನ ಪ್ರದರ್ಶನ ಮಾಡಿದ. ಅದಕ್ಕೂ ಮುಂಚಿನ ಪ್ರಯೋಗಗಳನ್ನು ತನ್ನ ಹೆಂಡತಿಯ ತಲೆಯ ಮೇಲೆಯೇ ನಡೆಸಿ ಅವಳ ಕೂದಲನ್ನು ಸುಟ್ಟಿದ್ದ. ಮುಂದೆ 1940ರ ದಶಕದಿಂದ ಬಿಸಿಯ ಬದಲು ಥಯೋಗ್ಲೈಕೋಲೇಟ್ ಬಳಸಿ, ನೇರ ಕೂದಲಿನ ಯುರೋಪಿಯನ್ ಮತ್ತು ಅಮೆರಿಕನ್ ಹೆಂಗಸರ ಕೂದಲನ್ನು ಗುಂಗುರು ಮಾಡುವುದು ದೊಡ್ಡ ವ್ಯಾಪಾರವಾಯಿತು. ಅದೇ ರಾಸಾಯನಿಕವನ್ನು 1990ರ ದಶಕದಲ್ಲಿ ಜಪಾನಿನಲ್ಲಿ ಬಿಸಿ ಪಟ್ಟಿಯ ಜೊತೆ ಸೇರಿಸಿ ನೇರ ಮಾಡುವ ಪದ್ಧತಿ ರೂಪುಗೊಂಡಿತು, ಅದು ನಮ್ಮ ತಾಲ್ಲೂಕು ಕೇಂದ್ರಗಳ ಪಾರ್ಲರಿನವರೆಗೂ ಬಂದಿತು. ಕೂದಲನ್ನು ಕೊಳವೆಗೆ ಸುತ್ತಿದರೆ ಸುರುಳಿ, ಪಟ್ಟಿಗಳ ನಡುವೆ ಎಳೆದರೆ ನೇರ. ಎರಡು ಕಡೆಯೂ ಹೆಂಗಸರಿಗೆ ತಮ್ಮಲ್ಲಿ ಇಲ್ಲದ್ದನ್ನೇ ಮಾರಲಾಯಿತು. ಶ್ರವಣಬೆಳಗೊಳದ ಬಾಹುಬಲಿಯ ತಲೆಯನ್ನು ಹತ್ತನೆಯ ಶತಮಾನದ ನಮ್ಮ ಶಿಲ್ಪಿಗಳು ಸಾಲು ಸಾಲು ಗುಂಗುರುಗಳಲ್ಲಿ ಕೆತ್ತಿದ್ದಾರೆ ಎಂಬುದನ್ನು ಕಂಡಿದ್ದರೂ, ಮನೆಯ ಹುಡುಗಿಯ ಗುಂಗುರನ್ನು ಮಾತ್ರ ‘ಕಾಗೆಗೂಡು’ ಎನ್ನುವ ಅಜ್ಜಿಯರು ನಮ್ಮಲ್ಲಿದ್ದಾರೆ.

ಈಗ ಲೆಕ್ಕಕ್ಕೆ ಬರೋಣ. ತಲೆಗೂದಲು ತಿಂಗಳಿಗೆ ಸುಮಾರು 1ರಿಂದ 1.25 ಸೆಂಟಿಮೀಟರ್ ಬೆಳೆಯುತ್ತದೆ. ಹಾಗಾಗಿ ಕೊನೆಗೆ ಎಷ್ಟು ಸೆಂಟಿಮೀಟರ್ ಉದ್ದದ ಗುಂಗುರು ಕೂದಲು ಬೇಕೋ ಸರಿಸುಮಾರು ಅಷ್ಟು ತಿಂಗಳು ಕಾಯಬೇಕು ಎಂದು ಇಟ್ಟುಕೊಳ್ಳಿ. 24 ಸೆಂಟಿಮೀಟರ್ ಸಾಕೆಂದರೆ ಎರಡು ವರ್ಷ. ಸೊಂಟದವರೆಗಿನ 60 ಸೆಂಟಿಮೀಟರ್ ಬೇಕೆಂದರೆ ನಾಲ್ಕರಿಂದ ಐದು ವರ್ಷ. ಗುಂಗುರು ಒಣಗಿದಾಗ ಮೇಲಕ್ಕೆ ಕುಗ್ಗುತ್ತದೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒದ್ದೆಯಲ್ಲಿ ಭುಜ ಮುಟ್ಟಿದ ಕೂದಲು ಒಣಗಿ ಕಿವಿಯ ಬಳಿ ನಿಂತಾಗ ಬೆಳವಣಿಗೆಯೇ ಇಲ್ಲವೆಂದು ಗಾಬರಿಯಾಗಬೇಡಿ.

ಈ ಕಾಲದಲ್ಲಿ ಒಂದೇ ತಲೆಯ ಮೇಲೆ ಎರಡು ಬಗೆಯ ಕೂದಲಿರುತ್ತದೆ. ಬುಡದಲ್ಲಿ ಹೊಸ ಗುಂಗುರು, ತುದಿಯಲ್ಲಿ ಹಳೆಯ ನೇರ. ಅವೆರಡೂ ಸೇರುವ ಗಡಿಯಲ್ಲಿ ಎಳೆ ಅತ್ಯಂತ ದುರ್ಬಲವಾಗಿರುತ್ತದೆ, ಬಾಚುವಾಗ ಪಟಪಟನೆ ತುಂಡಾಗುವುದು ಅಲ್ಲಿಯೇ. ಅಮೆರಿಕದ ಕಪ್ಪು ಹೆಂಗಸರು ರಿಲ್ಯಾಕ್ಸರ್ ಎಂಬ ತೀಕ್ಷ್ಣ ಕ್ಷಾರದ ಲೇಪಗಳನ್ನು ಬಿಟ್ಟು ಸಹಜ ಕೂದಲಿಗೆ ಮರಳುವಾಗ ಈ ಗಡಿಯನ್ನು ನಿಭಾಯಿಸುವ ಎರಡು ದಾರಿಗಳನ್ನು ಕಂಡುಕೊಂಡರು. ಹಳೆಯದನ್ನೆಲ್ಲ ಒಮ್ಮೆಗೇ ಕತ್ತರಿಸಿ ಬಿಡುವುದು ಒಂದು, ಅದನ್ನು ಅವರು ‘ಬಿಗ್ ಚಾಪ್’ ಎನ್ನುತ್ತಾರೆ. ಎರಡು ತಿಂಗಳಿಗೊಮ್ಮೆ ತುದಿಯನ್ನು ಒಂದೆರಡು ಸೆಂಟಿಮೀಟರ್ ತೆಗೆಯುತ್ತ ಹೋಗುವುದು ಇನ್ನೊಂದು. ಕೂದಲಿನ ಕಾರಣಕ್ಕೆ ಕೆಲಸದಲ್ಲಿ, ಶಾಲೆಯಲ್ಲಿ ತಾರತಮ್ಯ ಮಾಡಬಾರದೆಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ ಬಂದದ್ದು 2019ರಲ್ಲಿ, ಅಂದರೆ ತೀರ ಇತ್ತೀಚೆಗೆ. ನಮ್ಮ ಮನೆಗಳಲ್ಲಿ ಮದುವೆಗೆ ಬಂದ ಹುಡುಗಿ ಜುಟ್ಟು ಕತ್ತರಿಸಿಕೊಂಡರೆ ಎದುರಾಗುವ ಮಾತುಗಳನ್ನು ನಾನು ಬಲ್ಲೆ. ಆದ್ದರಿಂದ ನಿಮ್ಮಲ್ಲಿ ಹೆಚ್ಚಿನವರಿಗೆ ಎರಡನೆಯ ದಾರಿಯೇ ಒಗ್ಗೀತು. ಆದರೆ ಎರಡನೆಯ ದಾರಿ ಹಿಡಿದವರು ನಡುವೆ ಯಾವುದೋ ಮದುವೆಗೆಂದು ಮತ್ತೆ ಸ್ಮೂದನಿಂಗ್ ಮಾಡಿಸಿಕೊಂಡರೆ ಲೆಕ್ಕ ಮೊದಲಿನಿಂದ ಶುರು.

ಆರೈಕೆಯಲ್ಲಿ ಮೊದಲು ನೀರು. ಗುಂಗುರು ಎಳೆಯ ತಿರುವುಗಳಲ್ಲಿ ನೆತ್ತಿಯ ಜಿಡ್ಡು ತುದಿಯವರೆಗೆ ಇಳಿಯುವುದಿಲ್ಲ, ಹೀಗಾಗಿ ತುದಿ ಸದಾ ಒಣಗಿರುತ್ತದೆ. ಅದರ ಮೇಲೆ ಬೋರ್‌ವೆಲ್ಲಿನ ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ಕೂತರೆ ಕೂದಲು ನಾರಿನಂತೆ ಒರಟಾಗುತ್ತದೆ. ಬಯಲುಸೀಮೆಯಿಂದ ಬಂದವರು ಕೊನೆಯ ಒಂದು ಚೊಂಬನ್ನಾದರೂ ಮಳೆನೀರು ಅಥವಾ ಶುದ್ಧೀಕರಿಸಿದ ಕುಡಿಯುವ ನೀರಿನಿಂದ ಹಾಕಿಕೊಂಡು ನೋಡಿ, ವ್ಯತ್ಯಾಸ ಕೈಗೇ ತಿಳಿಯುತ್ತದೆ. ಸಲ್ಫೇಟ್ ಇರುವ ಶಾಂಪೂ ವಿಷವಲ್ಲ, ಒಣ ಕೂದಲಿಗೆ ಸ್ವಲ್ಪ ತೀಕ್ಷ್ಣ ಅಷ್ಟೆ. ಅದನ್ನು ಪೂರ್ತಿ ಬಿಟ್ಟು, ಸಿಲಿಕೋನ್ ತುಂಬಿದ ಸೀರಮ್ಮನ್ನು ಮಾತ್ರ ದಿನವೂ ಹಚ್ಚುವವರ ಕೂದಲಿನ ಮೇಲೆ ಆ ಸಿಲಿಕೋನ್ ತೊಳೆದುಹೋಗದೆ ಪದರ ಪದರವಾಗಿ ನಿಲ್ಲುತ್ತದೆ. ಸೀಗೆಕಾಯಿ, ಅಂಟುವಾಳದ ನೊರೆಯೂ ತೊಳೆಯುವ ಪದಾರ್ಥವೇ. ಸಹಜವಾದದ್ದೆಂದು ಅದನ್ನು ಎಳೆಗೆ ತಿಕ್ಕಿದರೆ ಸಿಕ್ಕು ಹೆಚ್ಚುತ್ತದೆ, ನೆತ್ತಿಗೆ ಮಾತ್ರ ಹಚ್ಚಬೇಕು.

ಕೊಬ್ಬರಿ ಎಣ್ಣೆಯ ಬಗ್ಗೆ ಅಜ್ಜಿಯರ ಮಾತು ಸರಿ. ಅದರ ಲಾರಿಕ್ ಆಮ್ಲ ಎಳೆಯ ಒಳಕ್ಕೆ ಇಳಿದು, ತೊಳೆಯುವಾಗ ಪ್ರೋಟೀನು ನಷ್ಟವಾಗುವುದನ್ನು ತಗ್ಗಿಸುತ್ತದೆ ಎಂದು 2003ರಲ್ಲಿ ಮುಂಬೈನ ಸಂಶೋಧಕರು ಪ್ರಕಟಿಸಿದ ಅಧ್ಯಯನ ತೋರಿಸಿತು. ಸೂರ್ಯಕಾಂತಿ ಎಣ್ಣೆಯಾಗಲಿ ಖನಿಜ ತೈಲವಾಗಲಿ ಆ ಕೆಲಸ ಮಾಡಲಿಲ್ಲ. ಆ ಸಂಶೋಧಕರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯವರೇ ಎಂಬುದನ್ನೂ ನೆನಪಿಡಿ, ಆದರೂ ಪ್ರಯೋಗ ಅಚ್ಚುಕಟ್ಟಾಗಿದೆ. ತಲೆಸ್ನಾನಕ್ಕೆ ಮುಂಚೆ ಹಚ್ಚಿದರೆ ಅದರ ಪ್ರಯೋಜನ ಸಿಗುತ್ತದೆ. ಸ್ನಾನವಾದ ಮೇಲೆ ಹಚ್ಚಿದ ಎಣ್ಣೆ ಹೊಸ ಸುರುಳಿಯನ್ನು ಜೋತುಬೀಳಿಸುತ್ತದೆ.

ಬಾಚುವುದನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ಎಣಿಸುತ್ತೇನೆ. ಒಣ ಗುಂಗುರನ್ನು ಸಣ್ಣ ಹಲ್ಲಿನ ಬಾಚಣಿಗೆಯಿಂದ ಬುಡದಿಂದ ಎಳೆಯುವುದು ನಮ್ಮಲ್ಲಿ ವಾಡಿಕೆಯಾಗಿದೆ, ಅದನ್ನು ಬಿಡಬೇಕು. ತಲೆ ತೊಳೆದು, ಕಂಡೀಶನರ್ ಅಥವಾ ದಾಸವಾಳದ ಎಲೆಯ ಲೋಳೆ ಹಚ್ಚಿ, ಕೂದಲು ಜಾರುವಂತಿರುವಾಗಲೇ ಮೊದಲು ಬೆರಳಿನಿಂದ, ಆಮೇಲೆ ಅಗಲ ಹಲ್ಲಿನ ಬಾಚಣಿಗೆಯಿಂದ, ತುದಿಯಿಂದ ಮೇಲಕ್ಕೆ ಬಿಡಿಸುತ್ತ ಹೋಗಬೇಕು. ಒರೆಸಲು ಟರ್ಕಿ ಟವೆಲ್ಲಿಗಿಂತ ಮನೆಯ ಹಳೆಯ ಹತ್ತಿ ಪಂಚೆ ಲೇಸು. ಉಜ್ಜದೆ, ಕೂದಲನ್ನು ಮುದ್ದೆ ಮಾಡಿ ಒತ್ತಿ ನೀರು ತೆಗೆಯಿರಿ. ಒದ್ದೆ ಇರುವಾಗಲೇ ಅಗಸೆ ಬೀಜದ ಲೋಳೆಯನ್ನು ಹಚ್ಚಿ ಅಂಗೈಯಲ್ಲಿ ಹಿಸುಕಿ ಬಿಟ್ಟರೆ ಸುರುಳಿ ನಿಲ್ಲುತ್ತದೆ. ಎರಡು ದೊಡ್ಡ ಚಮಚ ಬೀಜವನ್ನು ಎರಡು ಲೋಟ ನೀರಿನಲ್ಲಿ ಕುದಿಸಿ, ಮೊಟ್ಟೆಯ ಬಿಳಿಯ ಹದಕ್ಕೆ ಬಂದ ಕೂಡಲೇ ಬಿಸಿಯಿರುವಾಗಲೇ ತೆಳು ಬಟ್ಟೆಯಲ್ಲಿ ಸೋಸಿ. ಆರಿದರೆ ಸೋಸಲು ಬಾರದು. ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ. ಮಾರುಕಟ್ಟೆಯ ಜೆಲ್‌ಗಳಲ್ಲಿ ಗ್ಲಿಸರಿನ್ ಹೆಚ್ಚಿದ್ದರೆ ಮಂಗಳೂರಿನ ಮಳೆಗಾಲದಲ್ಲಿ ಅದು ಗಾಳಿಯ ತೇವವನ್ನೆಲ್ಲ ಎಳೆದು ಕೂದಲನ್ನು ಕೆದರಿಸುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಗಾಳಿಯಲ್ಲಿ ತೇವವೇ ಇಲ್ಲದೆ ಕೂದಲಿನದ್ದನ್ನೇ ಹೀರಬಹುದು.

ಸಿಕ್ಕನ್ನು ಬಿಡಿಸದೆ ಬಿಟ್ಟರೆ ಗುಂಗುರು ಕೂದಲು ಗಂಟುಕಟ್ಟಿ ಜಡೆ ಬೀಳುತ್ತದೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹೀಗೆ ಜಡೆ ಬಿದ್ದ ಹೆಣ್ಣುಮಕ್ಕಳನ್ನು ಎಲ್ಲಮ್ಮ ಕರೆದಿದ್ದಾಳೆಂದು ನಂಬಿ ದೇವದಾಸಿಯರನ್ನಾಗಿ ಬಿಡುತ್ತಿದ್ದರು. 1982ರ ಕರ್ನಾಟಕದ ಕಾನೂನು ಆ ಸಮರ್ಪಣೆಯನ್ನು ಅಪರಾಧವೆಂದಿದೆ. ಜಡೆಯೆಂದರೆ ಉದುರಿದ ಎಳೆಗಳೂ ಕೊಳೆಯೂ ಸೇರಿ ಹೆಣೆದುಕೊಂಡ ಕೂದಲು. ತಾಳ್ಮೆಯಿಂದ ಬಿಡಿಸಬಹುದು, ಇಲ್ಲವೇ ಕತ್ತರಿಸಬಹುದು. ನಿಮ್ಮಲ್ಲಿ ಶಿಕ್ಷಕಿಯರಾಗುವವರು, ಆರೋಗ್ಯ ಇಲಾಖೆಗೆ ಹೋಗುವವರು ಇದ್ದೀರಿ. ಈ ವಿಷಯವನ್ನು ಹಳ್ಳಿಯ ತಾಯಂದಿರಿಗೆ ಹೇಳುವ ಅವಕಾಶ ನಿಮಗೆ ಬಂದೇ ಬರುತ್ತದೆ.

ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಸಮುದಾಯದ ಗೆಳತಿಯರಿಗೆ ಒಂದು ಮಾತು. ಆಫ್ರಿಕಾದ ಮೂಲದ ನಿಮ್ಮ ಕೂದಲಿನ ಸುರುಳಿ ಬಹಳ ಬಿಗಿ. ಸಡಿಲ ಗುಂಗುರಿನವರಿಗೆಂದು ಮೊಬೈಲಿನಲ್ಲಿ ಸಿಗುವ ಸಲಹೆಗಳಿಗಿಂತ ಕಪ್ಪು ಅಮೆರಿಕನ್ನರ ಪದ್ಧತಿಗಳು, ಅಂದರೆ ಅಪರೂಪಕ್ಕೆ ತೊಳೆಯುವುದು, ಭಾಗ ಭಾಗವಾಗಿ ವಿಂಗಡಿಸಿ ಸಿಕ್ಕು ಬಿಡಿಸುವುದು, ಸಡಿಲವಾಗಿ ಹೆಣೆದಿಡುವುದು, ನಿಮಗೆ ಹೆಚ್ಚು ಹೊಂದುತ್ತವೆ. ಹಾಸ್ಟೆಲಿನ ಉಳಿದವರು ಕೇಳದೆ ಇನ್ನೊಬ್ಬರ ತಲೆ ಮುಟ್ಟಿ ನೋಡುವುದು ಅಸಭ್ಯತೆ ಎಂದು ಪ್ರತ್ಯೇಕವಾಗಿ ಹೇಳಬೇಕಾಗಿರುವುದು ನನಗೆ ಬೇಸರದ ಸಂಗತಿ.

ಕಡೆಯದಾಗಿ ಆರೋಗ್ಯ. ಕೂದಲು ನೇರ ಮಾಡುವ ರಾಸಾಯನಿಕಗಳನ್ನು ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಬಾರಿ ಬಳಸಿದ ಹೆಂಗಸರಲ್ಲಿ ಎಪ್ಪತ್ತನೆಯ ವಯಸ್ಸಿನ ಹೊತ್ತಿಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ 4.05 ಶೇಕಡಾ, ಬಳಸದವರಲ್ಲಿ 1.64 ಶೇಕಡಾ ಎಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಅಧ್ಯಯನ 2022ರಲ್ಲಿ ಅಂದಾಜಿಸಿತು. ಇದು ಎರಡರ ನಡುವೆ ಕಂಡ ಸಂಬಂಧ, ಕಾರಣವೆಂದು ಸಾಬೀತಾದದ್ದಲ್ಲ. 2024ರಲ್ಲಿ ಫ್ರಾನ್ಸಿನ ವೈದ್ಯರು ವರದಿ ಮಾಡಿದ ಪ್ರಕರಣದಲ್ಲಿ, ಗ್ಲಯಾಕ್ಸಿಲಿಕ್ ಆಮ್ಲವಿದ್ದ, ಕೂದಲು ನೇರ ಮಾಡುವ ಕ್ರೀಮು ಹಚ್ಚಿಸಿಕೊಂಡ ಪ್ರತಿ ಸಲವೂ 26ರ ಯುವತಿಯ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿತ್ತು. ‘ಫಾರ್ಮಾಲ್ಡಿಹೈಡ್ ಇಲ್ಲ’ ಎಂದು ಮಾರುವ ಹಲವು ಕೆರಾಟಿನ್ ಲೇಪಗಳಲ್ಲಿ ಇರುವುದು ಇದೇ ಆಮ್ಲ. ಡಬ್ಬಿಯ ಹಿಂಬದಿಯ ಪಟ್ಟಿಯನ್ನು ಓದದೆ ಕುರ್ಚಿಯಲ್ಲಿ ಕೂರಬೇಡಿ. ಮರಳುವ ಕಾಲದಲ್ಲಿ ಎರಡು ಬಗೆಯ ಕೂದಲನ್ನು ಮರೆಮಾಚಲೆಂದು ಬಿಗಿಯಾಗಿ ಎಳೆದು ಕಟ್ಟುವವರ ಹಣೆಯಂಚಿನಲ್ಲಿ ಕೂದಲು ತೆಳುವಾಗುತ್ತದೆ, ಬಹುಕಾಲ ಹಾಗೆಯೇ ಬಿಟ್ಟರೆ ಅಲ್ಲಿ ಮತ್ತೆ ಹುಟ್ಟದೆಯೂ ಹೋಗಬಹುದು. ತೆಳುವಾಗುವುದು ಕಂಡರೆ ಪಾರ್ಲರಿಗೆ ಹೋಗದೆ ಚರ್ಮರೋಗ ತಜ್ಞರನ್ನು ಕಾಣಿರಿ. ನಿಮ್ಮ ಚೀಟಿಗಳಲ್ಲಿ ಉಳಿದಿರುವ ಪ್ರಶ್ನೆಗಳನ್ನು ಈಗ ಒಂದೊಂದಾಗಿ ತೆಗೆದುಕೊಳ್ಳುತ್ತೇನೆ.