ಧೂಮಕೇತು ಎಷ್ಟು ಹೊತ್ತಿಗೊಮ್ಮೆ ತಿರುಗುತ್ತದೆ?

ಕೇಳುಗರಿಗೆ ನಮಸ್ಕಾರ.

ಧೂಮಕೇತುವಿನ ಬಾಲವನ್ನು ನಮ್ಮಲ್ಲಿ ಹಲವರು ಬರಿಗಣ್ಣಿನಲ್ಲೇ ನೋಡಿದ್ದೇವೆ. ಆದರೆ ಅದರ ಒಡಲಲ್ಲಿರುವ ಹಿಮ ಮತ್ತು ದೂಳಿನ ಉಂಡೆ ಭೂಮಿಯ ದೂರದರ್ಶಕಗಳಿಗೂ ಒಂದು ಚುಕ್ಕಿಗಿಂತ ಹೆಚ್ಚಾಗಿ ಕಾಣುವುದು ತೀರ ಅಪರೂಪ. 2017ರ ಏಪ್ರಿಲ್ ಆರಂಭದಲ್ಲಿ ಟಟಲ್–ಜಾಕೊಬಿನಿ–ಕ್ರೆಸಾಕ್ ಧೂಮಕೇತು ನಮ್ಮಿಂದ ಸುಮಾರು 2 ಕೋಟಿ 10 ಲಕ್ಷ ಕಿಲೋಮೀಟರ್ ದೂರದಲ್ಲಿ ಹಾದುಹೋಯಿತು. ಅದರ ಉಂಡೆಯ ಅಡ್ಡಳತೆ ಸುಮಾರು 1.4 ಕಿಲೋಮೀಟರ್, ಅಂದರೆ 30 ಕಿಲೋಮೀಟರ್ ಆಚೆ ಇಟ್ಟ ಸಾಸಿವೆ ಕಾಳನ್ನು ನೋಡಿದಂತೆ. ಹಾಗಿರುವಾಗ ಅದು ತನ್ನ ಸುತ್ತ ತಾನೇ ತಿರುಗುವುದನ್ನು ಅಳೆಯುವುದು ಹೇಗೆ?

ದೀಪಾವಳಿಯ ಭೂಚಕ್ರವನ್ನು ನೆನಪಿಸಿಕೊಳ್ಳಿ. ನಡುವಿನ ಸುರುಳಿ ಕಣ್ಣಿಗೆ ಬೀಳದಿದ್ದರೂ ಸುತ್ತ ಹಾರುವ ಕಿಡಿಗಳ ಬಳುಕಿನಿಂದಲೇ ಅದು ಯಾವ ಕಡೆಗೆ ತಿರುಗುತ್ತಿದೆ ಎಂದು ಹೇಳಬಹುದು. ಬಿಸಿಲಿಗೆ ಕಾದ ಧೂಮಕೇತುವೂ ಹೀಗೆಯೇ ಅನಿಲದ ಚಿಲುಮೆಗಳನ್ನು ಉಗುಳುತ್ತದೆ. ಅಮೆರಿಕದ ಅರಿಝೋನಾದಲ್ಲಿರುವ ಲೋವೆಲ್ ವೀಕ್ಷಣಾಲಯದ 4.3 ಮೀಟರ್ ದೂರದರ್ಶಕಕ್ಕೆ, ಸಯನೋಜೆನ್ ಅನಿಲ ಸೂಸುವ ನೇರಳೆ ಬೆಳಕನ್ನಷ್ಟೇ ಬಿಡುವ ಶೋಧಕವನ್ನು ತೊಡಿಸಿ ಮಾರ್ಚ್ ತಿಂಗಳಲ್ಲಿ ಚಿತ್ರಗಳನ್ನು ತೆಗೆಯಲಾಯಿತು. ಕಚ್ಚಾ ಚಿತ್ರದಲ್ಲಿ ಕಾಣುವುದು ಬರೀ ಮಸುಕಾದ ದುಂಡು ಹೊಳಪು. ಕೇಂದ್ರದಿಂದ ಪ್ರತಿಯೊಂದು ದೂರದಲ್ಲಿಯೂ ಸರಾಸರಿ ಹೊಳಪು ಎಷ್ಟೆಂದು ಲೆಕ್ಕ ಹಾಕಿ, ಅದರಿಂದ ಇಡೀ ಚಿತ್ರವನ್ನು ಭಾಗಿಸಿದಾಗ ಆ ಮಸುಕು ಕಳಚಿ ಸುರುಳಿಯಾಕಾರದ ಚಿಲುಮೆಗಳು ಎದ್ದು ಬರುತ್ತವೆ.

ಮುಂದಿನ ಕೆಲಸಕ್ಕೆ ತಾಳ್ಮೆ ಬೇಕು. ಇಂದು ರಾತ್ರಿ ಹತ್ತಕ್ಕೆ ಕಂಡ ವಿನ್ಯಾಸವೇ ನಾಳೆ ರಾತ್ರಿ ಹತ್ತಕ್ಕೂ ಕಂಡರೆ, ಒಂದು ಸುತ್ತಿಗೆ 24 ಗಂಟೆ ಎನ್ನುವಂತಿಲ್ಲ. 12 ಗಂಟೆಯೂ ಆಗಬಹುದು, 8 ಗಂಟೆಯೂ ಆಗಬಹುದು, ಏಕೆಂದರೆ ಹಗಲಿನಲ್ಲಿ ನಮಗೆ ಚಿತ್ರಗಳಿಲ್ಲ. ಆದ್ದರಿಂದ ಒಂದೇ ರಾತ್ರಿಯಲ್ಲಿ ಚಿಲುಮೆ ಎಷ್ಟು ಹೊರಳಿತೆಂದು ನೋಡಿ, ಅದನ್ನು ಮುಂದಿನ ರಾತ್ರಿಗಳ ಚಿತ್ರಗಳೊಂದಿಗೆ ತಾಳೆ ಹಾಕಿ, ಹೊಂದದ ಅವಧಿಗಳನ್ನು ಒಂದೊಂದಾಗಿ ತಳ್ಳಿಹಾಕಬೇಕಾಗುತ್ತದೆ. ಈ ಧೂಮಕೇತುವಿಗೆ ಮಾರ್ಚ್ ಆರಂಭದಲ್ಲಿ ಉಳಿದದ್ದು ಸುಮಾರು 20 ಗಂಟೆ.

ಮೇ ತಿಂಗಳಲ್ಲಿ ಸ್ವಿಫ್ಟ್ ಬಾಹ್ಯಾಕಾಶ ದೂರದರ್ಶಕದಿಂದ ಅಳೆದಾಗ ಅವಧಿ 46ರಿಂದ 60 ಗಂಟೆಗಳ ನಡುವೆ ಇತ್ತು! ಎರಡೇ ತಿಂಗಳಲ್ಲಿ ಒಂದು ಧೂಮಕೇತು ಇಷ್ಟು ನಿಧಾನಗೊಂಡದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಕಾರಣ ಮತ್ತೆ ಭೂಚಕ್ರದಲ್ಲೇ ಇದೆ. ಕಿಡಿಗಳ ತಳ್ಳಿಕೆಯೇ ಅದನ್ನು ತಿರುಗಿಸುತ್ತದೆ. ಇಲ್ಲಿ ಚಿಲುಮೆಗಳು ಉಂಡೆ ತಿರುಗುವ ದಿಕ್ಕಿಗೆ ಎದುರಾಗಿ ತಳ್ಳಿದವು. ಉಂಡೆ ಚಿಕ್ಕದು, ಚಿಲುಮೆಗಳು ಬಲವಾದವು, ಹೀಗಾಗಿ ಕಡಿವಾಣ ಬೇಗ ಬಿತ್ತು.

ಇದರಿಂದ ಅಳೆಯುವವರಿಗೆ ಒಂದು ತೊಡಕೂ ಉಂಟು. ವಾರಗಳ ಅಂತರದ ಚಿತ್ರಗಳನ್ನು ಒಂದೇ ಅವಧಿಗೆ ಪೋಣಿಸಿದರೆ ಲೆಕ್ಕ ಕೂಡುವುದಿಲ್ಲ. ಸುಮಾರು ಐದೂವರೆ ವರ್ಷಕ್ಕೊಮ್ಮೆ ಸೂರ್ಯನ ಬಳಿಗೆ ಬರುವ ಈ ಧೂಮಕೇತು 2028ರ ಆರಂಭದಲ್ಲಿ ಮರಳಿದಾಗ, ಹಳೆಯ 20 ಗಂಟೆಯನ್ನು ಬದಿಗಿಟ್ಟು ಮೊದಲ ರಾತ್ರಿಯಿಂದಲೇ ಹೊಸದಾಗಿ ಎಣಿಸಬೇಕಾಗುತ್ತದೆ.

ನಮಸ್ಕಾರ.