‘ಇನ್ನೊಂದ್ಸಲ ನೋಡಿದ್ರಾಯ್ತು’: 35 ವರ್ಷ ಓಡಿದ ನಾಟಕ ಕ್ಯಾಂಪ್ ಎತ್ತಿದ ಕಥೆ

(ಕತ್ತಲೆ ಪರದೆ. ಆ ನಾಟಕದ ಸಂಗೀತ ಹಾಕೋದು ಬೇಡ, ಹಕ್ಕುಸ್ವಾಮ್ಯದ ನೋಟಿಸ್ ಬರುತ್ತೆ. ಬರೀ ಜನಜಂಗುಳಿ ಸದ್ದು ಸಾಕು.)

2022ರ ಸೆಪ್ಟೆಂಬರ್. ನ್ಯೂಯಾರ್ಕಿನಲ್ಲಿ ಒಂದು ನಾಟಕ ನಿಲ್ಲುತ್ತೆ ಅಂತ ಸುದ್ದಿ ಬಂತು. ಕಾರಣ, ಖರ್ಚಿಗೆ ತಕ್ಕ ಹಾಗೆ ಜನ ಬರ್ತಿಲ್ಲ. ಸರಿ, ಸುದ್ದಿ ಬಂದ ಮೇಲೆ ಏನಾಯ್ತು? ಜನ ಟಿಕೆಟ್‌ಗೆ ಮುಗಿಬಿದ್ರು. ಯಾವ ಪರಿ ಮುಗಿಬಿದ್ರು ಅಂದ್ರೆ, ನಿಲ್ಲಿಸೋ ದಿನಾನೇ ಎಂಟು ವಾರ ಮುಂದಕ್ಕೆ ಹಾಕಬೇಕಾಯ್ತು.

ಜನ ಬರ್ತಿಲ್ಲ ಅಂತ ನಿಲ್ಲಿಸ್ತೀವಿ ಅಂದ್ರೆ ಜನ ಬರ್ತಾರೆ. ಹಾಗಾದ್ರೆ ಅಲ್ಲೀವರೆಗೆ ಇವರೆಲ್ಲ ಎಲ್ಲಿದ್ರು? ಈ ಪ್ರಶ್ನೆ ತಲೆಗೆ ಹೊಕ್ಕ ಮೇಲೆ ನನಗೆ ಒಂದು ವಾರ ಬೇರೆ ಕೆಲಸ ಆಗ್ಲಿಲ್ಲ. ಅದಕ್ಕೇ ಈ ವಿಡಿಯೋ.

(ಪರದೆ ಮೇಲೆ: ಬಿಳಿ ಅರ್ಧ ಮುಖವಾಡ)

ಮೊದಲು ಪರಿಚಯ, ಬೇಗ ಮುಗಿಸ್ತೀನಿ. ನಾಟಕದ ಹೆಸರು ‘ದಿ ಫ್ಯಾಂಟಮ್ ಆಫ್ ದಿ ಒಪೆರಾ’, ಅಂದ್ರೆ ಒಪೆರಾದ ಭೂತ. ಒಪೆರಾ ಅಂದ್ರೆ ಕಥೆಯನ್ನ ಹಾಡಿನಲ್ಲೇ ಹೇಳೋ ನಾಟಕ. ಸಂಗೀತ ಆಂಡ್ರ್ಯೂ ಲಾಯ್ಡ್ ವೆಬ್ಬರ್, ನಿರ್ದೇಶನ ಹೆರಾಲ್ಡ್ ಪ್ರಿನ್ಸ್, ನಿರ್ಮಾಪಕ ಕ್ಯಾಮರಾನ್ ಮ್ಯಾಕಿಂತಾಷ್. 1986ರಲ್ಲಿ ಲಂಡನ್ನಿನಲ್ಲಿ ಶುರು, 1988ರ ಜನವರಿ 26ಕ್ಕೆ ಬ್ರಾಡ್‌ವೇಗೆ, ಅಂದ್ರೆ ನ್ಯೂಯಾರ್ಕಿನ ದೊಡ್ಡ ನಾಟಕ ಥಿಯೇಟರುಗಳಿರೋ ಜಾಗಕ್ಕೆ ಬಂತು. ಥಿಯೇಟರಿನ ಹೆಸರು ಮೆಜೆಸ್ಟಿಕ್. ಬಸ್ ಸ್ಟ್ಯಾಂಡ್ ಅಲ್ಲ, ನಗಬೇಡಿ. 44ನೇ ಬೀದಿಯಲ್ಲಿರೋ, ಸಾವಿರದ ಆರುನೂರಕ್ಕೂ ಹೆಚ್ಚು ಆಸನಗಳ ಥಿಯೇಟರು. ಕಥೆ ಏನಪ್ಪಾ ಅಂದ್ರೆ, ಪ್ಯಾರಿಸ್ಸಿನ ಒಪೆರಾ ಕಟ್ಟಡದ ನೆಲಮಾಳಿಗೆಯಲ್ಲಿ ಮುಖ ಮುಚ್ಚಿಕೊಂಡಿರೋ ಒಬ್ಬ ಸಂಗೀತಗಾರ (ಇವನೇ ಫ್ಯಾಂಟಮ್), ಅವನು ಪಾಠ ಹೇಳಿಕೊಡೋ ಗಾಯಕಿ, ಆ ಗಾಯಕಿಯನ್ನ ಪ್ರೀತಿಸೋ ಇನ್ನೊಬ್ಬ. ಮುಂದಿನದ್ದು ಸಿನಿಮಾ ನೋಡೋ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇದು ಅಲ್ಲಿ ಎಷ್ಟು ಸಲ ನಡೀತು? 13,981 ಸಲ. ಬಾಯಲ್ಲಿ ಹೇಳೋಕೆ ಸುಲಭ. ನೀವು ದಿನಕ್ಕೊಂದರಂತೆ, ಭಾನುವಾರ ಹಬ್ಬ ಏನೂ ಬಿಡದೆ ನೋಡ್ತಾ ಕೂತ್ರೆ 38 ವರ್ಷ ಬೇಕು. ಅವರು ವಾರಕ್ಕೆ ಎಂಟು ಪ್ರಯೋಗ ಆಡ್ತಿದ್ರು. ಹಾಗಾಗಿ ಕೊರೋನಾ ಕಾಲದ 19 ತಿಂಗಳು ಬಾಗಿಲು ಹಾಕಿದ್ರೂ 35 ವರ್ಷಕ್ಕೆ ಅಷ್ಟಾಯ್ತು. ಬ್ರಾಡ್‌ವೇ ಇತಿಹಾಸದಲ್ಲಿ ಇದಕ್ಕಿಂತ ಹೆಚ್ಚು ಸಲ ನಡೆದದ್ದು ಇನ್ನೊಂದಿಲ್ಲ.

ಈಗ ನನ್ನ ಅಚ್ಚುಮೆಚ್ಚಿನ ವಿಷಯಕ್ಕೆ ಬರ್ತೀನಿ. ಇಲ್ಲಿ ಸ್ವಲ್ಪ ಕೂತ್ಕೊಳ್ಳೋಣ, ಪ್ಲೀಸ್.

(ಪರದೆ ಮೇಲೆ: ದೊಡ್ಡ ತೂಗುದೀಪದ ಗೊಂಚಲು)

ತೂಗುದೀಪ. ಆ ಹೆಸರು ಕೇಳಿದ ಕೂಡ್ಲೆ ನಿಮಗೆ ಯಾರು ನೆನಪಾದ್ರು ಅಂತ ಗೊತ್ತು, ಕಾಮೆಂಟಲ್ಲಿ ಶುರು ಹಚ್ಕೋಬೇಡಿ. ನಾನು ಹೇಳ್ತಿರೋದು ಷಾಂಡೆಲಿಯರ್. ಒಂದು ಟನ್ ತೂಕದ್ದು. ಅದಕ್ಕೊಂದು ಹೆಸರಿದೆ: ರೂಥಿ-2. ನಿರ್ದೇಶಕ ಪ್ರಿನ್ಸ್ ಅವರ ಜತೆ ಬಹಳ ಕಾಲ ಕೆಲಸ ಮಾಡಿದ ರೂತ್ ಮಿಚೆಲ್ ಅನ್ನೋರ ಗೌರವಕ್ಕೆ. ರೂಥಿ-1 ಲಂಡನ್ನಿನಲ್ಲಿತ್ತು. ನಮ್ಮಲ್ಲಿ ಲಾರಿಗೆ, ದೋಣಿಗೆ ಹೆಸರಿಡ್ತೀವಲ್ಲ, ಹಾಗೆ ಅಲ್ಲಿ ರಂಗಸಜ್ಜಿಕೆಗೆ.

ನಾಟಕ ಶುರುವಾಗೋದು ಒಂದು ಹರಾಜಿನಿಂದ. ಹಳೇ ಒಪೆರಾ ಕಟ್ಟಡದ ಸಾಮಾನುಗಳನ್ನ ಒಂದೊಂದಾಗಿ ಹರಾಜು ಹಾಕ್ತಿರ್ತಾರೆ. ಗಾಲಿಕುರ್ಚಿಯಲ್ಲಿ ಕೂತ ಒಬ್ಬ ಮುದುಕ, ತಾಳ ಹೊಡೆಯೋ ಕೋತಿ ಗೊಂಬೆ ಇರೋ ಸಂಗೀತ ಪೆಟ್ಟಿಗೆಯನ್ನ ಕೊಂಡ್ಕೊಳ್ತಾನೆ. ಮುಂದಿನದ್ದು ಹರಾಜಿನ 666ನೇ ಸಾಮಾನು, ಮುರಿದ ತೂಗುದೀಪ. ಮುಸುಕು ತೆಗೀತಾರೆ, ಆರ್ಗನ್ ಮೊಳಗುತ್ತೆ, ಧೂಳು ಹಿಡಿದ ದೀಪ ಹೊತ್ತಿಕೊಂಡು ಪ್ರೇಕ್ಷಕರ ತಲೆಯ ಮೇಲೆ ಏರ್ತಾ ಏರ್ತಾ ಚಾವಣಿ ಸೇರುತ್ತೆ. ಅಷ್ಟರಲ್ಲಿ ರಂಗದ ಮೇಲೆ ಕಾಲ ಹಿಂದಕ್ಕೆ ಹೋಗಿ ಹಳೇ ವೈಭವ ಎದ್ದು ನಿಂತಿರುತ್ತೆ. ಮೊದಲ ಅಂಕದ ಕೊನೆಗೆ ಅದೇ ದೀಪ ಮುಂದಿನ ಸಾಲಿನವರ ತಲೆ ಮೇಲಿಂದ ಹಾದು ರಂಗಕ್ಕೆ ಬೀಳುತ್ತೆ. ನಿಜ ಹೇಳ್ಲಾ? ಅದು ಬೀಳಲ್ಲ, ಇಳಿಯುತ್ತೆ. ನೋಡಿದವರೆಲ್ಲ ಇದರ ಬಗ್ಗೆ ತಮಾಷೆ ಮಾಡಿದ್ದಾರೆ. ಆದ್ರೂ ತಲೆ ಮೇಲೆ ಟನ್ ತೂಕ ಅಲ್ಲಾಡಿದಾಗ ಕುತ್ತಿಗೆ ತಾನಾಗೇ ಒಳಕ್ಕೆ ಹೋಗುತ್ತೆ.

ಇದಕ್ಕೊಂದು ನಿಜವಾದ ಬೇರಿದೆ. 1896ರ ಮೇ 20ರಂದು ಪ್ಯಾರಿಸ್ಸಿನ ಅಸಲಿ ಒಪೆರಾದಲ್ಲಿ ಪ್ರದರ್ಶನ ನಡೀತಿದ್ದಾಗ ಮೇಲಿಂದ ಭಾರವಾದ ವಸ್ತುವೊಂದು ಬಿದ್ದು ಒಬ್ಬ ಮಹಿಳೆ ಸತ್ತರು. ಬಿದ್ದದ್ದು ದೀಪವಲ್ಲ, ದೀಪವನ್ನ ಸಮತೋಲದಲ್ಲಿಡೋಕೆ ಕಟ್ಟಿದ್ದ ಎದುರುತೂಕ. ಪತ್ರಕರ್ತನಾಗಿದ್ದ ಗ್ಯಾಸ್ಟನ್ ಲೆರೂ ಮುಂದೆ, ಈ ನಾಟಕಕ್ಕೆ ಮೂಲವಾದ ತನ್ನ ಕಾದಂಬರಿಯಲ್ಲಿ ಇಡೀ ದೀಪವನ್ನೇ ಕೆಡವಿದ. ಕಾದಂಬರಿಯಲ್ಲಿ ಬರೋ ನೆಲದಡಿಯ ಕೆರೆಯೂ ಪೂರ್ತಿ ಕಟ್ಟುಕಥೆಯಲ್ಲ. ಆ ಕಟ್ಟಡದ ತಳದಲ್ಲಿ ನಿಜವಾಗ್ಲೂ ದೊಡ್ಡ ನೀರಿನ ತೊಟ್ಟಿ ಇದೆ. ಅಗ್ನಿಶಾಮಕ ದಳದವರು ಅಲ್ಲಿ ಕತ್ತಲಲ್ಲಿ ಈಜೋ ಅಭ್ಯಾಸ ಮಾಡ್ತಾರೆ. ಭೂತ ಸಿಕ್ಕಿದೆ ಅಂತ ಅವರು ಇಲ್ಲೀವರೆಗೆ ವರದಿ ಕೊಟ್ಟಿಲ್ಲ.

ಇಷ್ಟೆಲ್ಲ ಯಾಕೆ ಹೇಳಿದೆ? ಆ ಹರಾಜಿನ ದೃಶ್ಯಕ್ಕೋಸ್ಕರ. 35 ವರ್ಷ ಈ ನಾಟಕ ಪ್ರತಿ ಸಲ ಶುರುವಾಗಿದ್ದು ‘ಎಲ್ಲ ಮುಗಿದಿದೆ, ಸಾಮಾನು ಮಾರ್ತಿದ್ದೀವಿ’ ಅನ್ನೋ ಕಡೆಯಿಂದ. ಅಭಿಮಾನಿಗಳು ಅದನ್ನ ಹತ್ತಾರು ಸಲ, ಕೆಲವರು ನೂರಾರು ಸಲ ನೋಡಿ ಚಪ್ಪಾಳೆ ತಟ್ಟಿದ್ದಾರೆ. ಕೊನೇ ವಾರಗಳಲ್ಲಿ ನೋಡಿದವರಿಗೆ ಮಾತ್ರ ಆ ಮುದುಕನ ಕುರ್ಚಿಯಲ್ಲಿ ತಾವೇ ಕೂತ ಹಾಗಾಗಿರಬೇಕು. ಮಾರಾಟಕ್ಕಿಟ್ಟಿದ್ದು ಅವರ ಸಾಮಾನೇ ಅಲ್ವಾ.

(ಗಡಿಯಾರದ ಚಿತ್ರ. ಎಡಿಟರ್ ಆಗ್ಲೇ ಕೈಸನ್ನೆ ಮಾಡ್ತಿದ್ದಾರೆ.)

ಸರಿ ಸರಿ, ಪ್ರಶ್ನೆಗೆ ವಾಪಸ್. ಯಾಕೆ ನಿಲ್ಲಿಸಿದ್ರು?

ಲೆಕ್ಕ. ಈ ನಾಟಕಕ್ಕೆ 27 ಜನರ ವಾದ್ಯವೃಂದ. ಬ್ರಾಡ್‌ವೇನಲ್ಲಿ ಅಷ್ಟು ದೊಡ್ಡದು ಆಗ ಬೇರೆಲ್ಲೂ ಇರ್ಲಿಲ್ಲ. ಕೆಲವು ವಾದಕರು 1988ರಿಂದ ರಂಗದ ಮುಂದೆ ವಾದ್ಯದವರಿಗಿರೋ ಅದೇ ಗುಂಡಿಯಲ್ಲಿ ಕೂತು ನುಡಿಸ್ತಿದ್ರು. ನಟರು, ವಾದಕರು, ತೆರೆಮರೆಯವರು ಎಲ್ಲ ಸೇರಿ ನೂರಕ್ಕೂ ಹೆಚ್ಚು ಸಂಬಳ. ವಾರದ ಖರ್ಚು ಹತ್ತತ್ತಿರ 10 ಲಕ್ಷ ಡಾಲರ್. ಇಂಥ ಹಳೇ ನಾಟಕಗಳನ್ನ ಸಾಕೋದು ಪ್ರವಾಸಿಗರು, ಕೊರೋನಾ ಆದ್ಮೇಲೆ ಅವರು, ಅದರಲ್ಲೂ ಹೊರದೇಶದವರು, ನಿಧಾನಕ್ಕೆ ವಾಪಸ್ ಬಂದ್ರು. ಲಂಡನ್ನಿನಲ್ಲಿ ಮತ್ತೆ ಶುರು ಮಾಡುವಾಗ ವಾದ್ಯವೃಂದವನ್ನ 14ಕ್ಕೆ ಇಳಿಸಿದ್ರು. ಅಭಿಮಾನಿಗಳು ಅದಕ್ಕೆ ಉಗಿದದ್ದೂ ಆಯ್ತು. ನನ್ನ ಕೇಳಿದ್ರೆ, ಅರ್ಧ ಮೇಳ ಇಟ್ಕೊಂಡು ಎಳೆಯೋದಕ್ಕಿಂತ ನ್ಯೂಯಾರ್ಕಿನವರು ಪೂರ್ತಿ ಮೇಳದ ಜತೆ ಮಂಗಳ ಹಾಡಿದ್ದು ಮರ್ಯಾದೆ.

ಮೊದಲು ಹೇಳಿದ ಕೊನೇ ದಿನ 2023ರ ಫೆಬ್ರವರಿ 18. ಆಮೇಲೆ ಏಪ್ರಿಲ್ 16. ಅಭಿಮಾನಿಗಳು ವಿಮಾನ ಹತ್ತಿ ಬಂದ್ರು. ಖರ್ಚು ಹುಟ್ಟೋಕೆ ಒದ್ದಾಡ್ತಿದ್ದ ನಾಟಕ ಕೊನೇ ದಿನಗಳಲ್ಲಿ ವಾರಕ್ಕೆ 30 ಲಕ್ಷ ಡಾಲರಿಗೂ ಮೇಲೆ ಬಾಚಿಕೊಂಡಿತು.

ನಮ್ಮಲ್ಲಿ ಕಂಪನಿ ನಾಟಕ ನೋಡಿ ಬೆಳೆದವರಿಗೆ ಇದು ಚೆನ್ನಾಗಿ ಗೊತ್ತು. ಆಟೋಗೆ ಮೈಕು ಕಟ್ಕೊಂಡು ‘ಕೊನೆಯ ಮೂರೇ ಮೂರು ಪ್ರಯೋಗಗಳು, ಇಂದೇ ನೋಡಿರಿ’ ಅಂತ ಕೂಗ್ಕೊಂಡು ಹೋಗೋರು. ಆ ಮೂರು ಮುಗಿಯೋಕೆ ಮೂರು ವಾರ ಹಿಡೀತಿತ್ತು. ಬ್ರಾಡ್‌ವೇನಲ್ಲೂ ಇದು ಮೊದಲಲ್ಲ. ಇದೇ ಲಾಯ್ಡ್ ವೆಬ್ಬರ್ ಅವರ ‘ಕ್ಯಾಟ್ಸ್’ 2000ದ ಜೂನ್‌ಗೆ ನಿಲ್ಲುತ್ತೆ ಅಂದ್ರು, ಟಿಕೆಟ್ ಬೇಡಿಕೆ ಏರಿತು, ಸೆಪ್ಟೆಂಬರ್ 10ಕ್ಕೆ ಹೋಯ್ತು. ಆ ನಾಟಕದ ಜಾಹೀರಾತಿನ ಘೋಷಣೆ ಏನಿತ್ತು ಗೊತ್ತಾ? ‘ಈಗಲೂ, ಎಂದೆಂದಿಗೂ’. ಎಂದೆಂದಿಗೂ ಅಂದ್ರೆ 7,485 ಪ್ರಯೋಗ. ಆ ದಾಖಲೆಯನ್ನ 2006ರಲ್ಲಿ ಮುರಿದದ್ದು ನಮ್ಮ ಫ್ಯಾಂಟಮ್ಮೇ.

ಹಾಗಾದ್ರೆ ಇದು ಗಿಮಿಕ್ಕಾ? ನನಗೆ ಹಾಗನ್ನಿಸಲ್ಲ. ಗಿಮಿಕ್ ಆಗಿದ್ರೆ ವಾರಕ್ಕೆ 30 ಲಕ್ಷ ಬರ್ತಿರೋವಾಗ ಇನ್ನೂ ಆರು ತಿಂಗಳು ಎಳೀತಿದ್ರು. ನನಗೆ ಕಾಣೋದು ಬೇರೆ. ಆ ನಾಟಕದ ಶತ್ರು ಅಭಿಮಾನಿಗಳ ಒಂದೇ ಒಂದು ಮಾತು: ‘ಎಲ್ಲಿ ಹೋಗುತ್ತೆ, ಇನ್ನೊಂದ್ಸಲ ನೋಡಿದ್ರಾಯ್ತು.’ 1988ರಲ್ಲಿ ಅಪ್ಪ ಅಮ್ಮನ ಜತೆ ಬಂದ ಮಗು 2018ರಲ್ಲಿ ತನ್ನ ಮಗುವನ್ನ ಕರ್ಕೊಂಡು ಬರಬಹುದಿತ್ತು. ಬರಬಹುದಿತ್ತು ಅನ್ನೋದೇ ಸಾಕಾಗಿತ್ತು, ಬರೋ ಅಗತ್ಯ ಬೀಳ್ಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಿತ್ತಲಿಗೆ ಬುಲ್ಡೋಜರ್ ಬಂದ ದಿನ ಎಲ್ಲರಿಗೂ ಆ ಗಿಡದ ಕಷಾಯ ನೆನಪಾಯ್ತು. ಪ್ರೀತಿ ಸುಳ್ಳಲ್ಲ. ಆದ್ರೆ ಪ್ರೀತಿಯಿಂದ ವಾರದ ಸಂಬಳ ಕೊಡೋಕಾಗಲ್ಲ, ಟಿಕೆಟ್ ದುಡ್ಡಿನಿಂದ ಆಗುತ್ತೆ.

ಇಲ್ಲಿ ಒಂದು ತಿದ್ದುಪಡಿ ನಾನೇ ಹಾಕ್ಕೊಳ್ತೀನಿ. ಎಲ್ಲರೂ ಹಾಗಿರ್ಲಿಲ್ಲ. ಪ್ರತಿ ಕೆಲವು ತಿಂಗಳಿಗೆ ಬಂದು, ಪಾತ್ರಧಾರಿ ಬದಲಾದಾಗೆಲ್ಲ ಹೊಸಬರು ಮುಖವಾಡ ಹೇಗೆ ಹಿಡೀತಾರೆ ಅಂತ ನೋಡಿ, ಆಟ ಮುಗಿದ ಮೇಲೆ ಕಲಾವಿದರು ಹೊರಬರೋ ಬಾಗಿಲ ಹತ್ರ ಚಳಿಯಲ್ಲಿ ನಿಲ್ತಿದ್ದ ಗುಂಪೂ ಇತ್ತು. ಇವರು ‘ಫ್ಯಾನ್ಸ್’ ಅನ್ನೋದನ್ನ ಇಂಗ್ಲಿಷಿನಲ್ಲಿ ಎಫ್ ಬದಲು ಪಿ, ಎಚ್ ಹಾಕಿ ಬರ್ಕೊಳ್ತಾರೆ, ಫ್ಯಾಂಟಮ್ ಥರ. ಈ ಜೋಕು ಕನ್ನಡ ಲಿಪಿಯಲ್ಲಿ ಸತ್ತೇ ಹೋಗುತ್ತೆ, ಎರಡಕ್ಕೂ ಒಂದೇ ‘ಫ’.

ಈಗ ಕೊನೇ ರಾತ್ರಿ. ಸಮಯ ಕಡಿಮೆ, ಚಕಚಕ ಹೇಳ್ತೀನಿ.

2023ರ ಏಪ್ರಿಲ್ 16, ಭಾನುವಾರ. ಒಳಗಿದ್ದವರಲ್ಲಿ ಹೆಚ್ಚಿನವರು ಆಹ್ವಾನಿತರು, ಜತೆಗೆ ಲಾಟರಿಯಲ್ಲಿ ಟಿಕೆಟ್ ಎತ್ತಿದ ಕೆಲವು ಅದೃಷ್ಟವಂತ ಅಭಿಮಾನಿಗಳು. ಮುಖವಾಡ, ಕರಿ ನಿಲುವಂಗಿ, ನೆಲ ಗುಡಿಸೋ ಗೌನು. ಟಿಕೆಟ್ ಸಿಗದವರು ಹೊರಗೆ 44ನೇ ಬೀದಿಯಲ್ಲಿ. ಫ್ಯಾಂಟಮ್ ಪಾತ್ರ ಮಾಡ್ತಿದ್ದ ಬೆನ್ ಕ್ರಾಫರ್ಡ್ ಅವರಿಗೆ ಅದೇ ಹೊತ್ತಿಗೆ ಕಾಯಿಲೆ. ಹಿಂದೆ ಆ ಪಾತ್ರ ಮಾಡಿದ್ದ ಲೇರ್ಡ್ ಮ್ಯಾಕಿಂತಾಷ್ ಬಂದು ಬಣ್ಣ ಹಚ್ಚಿದ್ರು. ಯೋಚನೆ ಮಾಡಿ, ಇಷ್ಟು ವರ್ಷದ ನಾಟಕದ ಕೊನೇ ಪ್ರಯೋಗ, ಕ್ರಾಫರ್ಡ್ ಆಡೋ ಹಾಗಿಲ್ಲ. ಗಾಯಕಿ ಕ್ರಿಸ್ಟೀನ್ ಆಗಿ ಎಮಿಲಿ ಕುವಾಚು, ಬ್ರಾಡ್‌ವೇನಲ್ಲಿ ಆ ಪಾತ್ರ ಮಾಡಿದ ಮೊದಲ ಕಪ್ಪು ನಟಿ. ಮುಗಿದ ಮೇಲೆ ಮೊಟ್ಟಮೊದಲ ಕ್ರಿಸ್ಟೀನ್ ಸಾರಾ ಬ್ರೈಟ್‌ಮನ್ ವೇದಿಕೆಗೆ ಬಂದ್ರು. ಲಾಯ್ಡ್ ವೆಬ್ಬರ್ ಅವರ ಮಗ ನಿಕ್ ಕ್ಯಾನ್ಸರಿನಿಂದ ತೀರಿಕೊಂಡು ಆಗಿನ್ನೂ ಒಂದು ತಿಂಗಳೂ ಆಗಿರ್ಲಿಲ್ಲ. ಆ ಪ್ರಯೋಗವನ್ನ ಅವರು ಮಗನಿಗೆ ಅರ್ಪಿಸಿದ್ರು. ನಿರ್ದೇಶಕ ಪ್ರಿನ್ಸ್ ಇದನ್ನ ನೋಡೋಕಿರ್ಲಿಲ್ಲ, 2019ರಲ್ಲೇ ಹೋಗಿದ್ರು. ಚಿನ್ನದ, ಬೆಳ್ಳಿ ಬಣ್ಣದ ಕಾಗದದ ಚೂರುಗಳು ಸುರಿದವು.

ಇನ್ನೊಂದೇ ಒಂದು, ಬಿಡೋಕೆ ಮನಸ್ಸಾಗ್ತಿಲ್ಲ. ಜಾರ್ಜ್ ಲೀ ಆಂಡ್ರ್ಯೂಸ್ ಅಂತ ಒಬ್ಬ ನಟ. 1988ರ ತಂಡದಲ್ಲೇ ಇದ್ದವರು, 23 ವರ್ಷ ಇದೊಂದೇ ನಾಟಕದಲ್ಲಿ ಬೇರೆ ಬೇರೆ ಪಾತ್ರ ಮಾಡಿ 9,382 ಪ್ರಯೋಗಗಳಲ್ಲಿ ಆಡಿದ್ರು, ಗಿನ್ನೆಸ್ ದಾಖಲೆ. ಫ್ಯಾಂಟಮ್ ಪಾತ್ರ ಅಲ್ಲ. ಅಷ್ಟೂ ಸಲ ಮುಖವಾಡ ಹಾಕಿದ್ದು ಬೇರೆ ಯಾರೋ.

ಆಮೇಲೆ? ಮೆಜೆಸ್ಟಿಕ್ ನವೀಕರಣಕ್ಕೆ ಹೋಯ್ತು, 2024ರ ಡಿಸೆಂಬರಿನಲ್ಲಿ ಅಲ್ಲಿ ‘ಜಿಪ್ಸಿ’ ಅನ್ನೋ ಬೇರೆ ನಾಟಕ ಶುರುವಾಯ್ತು. ಲಂಡನ್ನಿನಲ್ಲಿ ಫ್ಯಾಂಟಮ್ ಮುಂದುವರೀತು. 2025ರಲ್ಲಿ ನ್ಯೂಯಾರ್ಕಿನ 57ನೇ ಬೀದಿಯ ಒಂದು ಕಟ್ಟಡದಲ್ಲಿ ಇದೇ ಕಥೆ ಹೊಸ ರೂಪದಲ್ಲಿ ಬಂತು. ಈ ಸಲ ಪ್ರೇಕ್ಷಕರು ಒಂದೇ ಕಡೆ ಕೂರೋ ಹಾಗಿಲ್ಲ. ಮುಖವಾಡ ಹಾಕ್ಕೊಂಡು ಪಾತ್ರಗಳ ಹಿಂದೆ ಕೋಣೆಯಿಂದ ಕೋಣೆಗೆ ಓಡಾಡಬೇಕು.

ನೋಡೋಕೆ ಹೋಗ್ತೀರಾ ಅಂತ ಕೇಳ್ತೀರಾ? ಹೋಗಬೇಕು. ಈ ವರ್ಷ ಆಗಲ್ಲ ಅನ್ಸುತ್ತೆ, ಮುಂದಿನ ಸಲ ನೋಡಿದ್ರಾ…

(ಕತ್ತಲೆ)